ಇರುವೆಯ ಪಾಲು

ಹಿತ್ತಿಲ ನಲ್ಲಿಯ ಬುಡದಲ್ಲಿ ಏಳು ಎಲೆಗಳಿದ್ದವು. ಹಂಸಾ ಇನ್ನೊಮ್ಮೆ ಎಣಿಸಿದಳು. ಏಳೇ. ಅಕ್ಕಿ ತೊಳೆದ ನೀರನ್ನು ನಿಂಬೆ ಗಿಡಕ್ಕೆ ಸುರಿಯಲು ಬಂದವಳು ಬೋಗುಣಿಯನ್ನು ಹಿಡಿದುಕೊಂಡೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟಿದ್ದಳು. ಆ ನಲ್ಲಿ ಎರಡು ವರ್ಷದಿಂದ ತೊಟ್ಟಿಕ್ಕುತ್ತಿತ್ತು. ಸರಿಮಾಡಿಸು ಎಂದು ಗಂಡ ಅರವಿಂದನಿಗೆ ಹೇಳಿ ಹೇಳಿ ಅವಳಿಗೂ ಸಾಕಾಗಿ, ಕೇಳಿ ಕೇಳಿ ಅವನಿಗೂ ಅಭ್ಯಾಸವಾಗಿ, ಗೋಡೆಯ ಆ ಮೂಲೆ ಈ ಪರದೇಶದ ಊರು ಕ್ಯಾಂಪ್‌ಬೆಲ್‌ನ ಒಣ ಬೇಸಿಗೆಯಲ್ಲೂ ಒದ್ದೆಯಾಗಿಯೇ ಇರುತ್ತಿತ್ತು. ಅಲ್ಲಿ, ಬೇಲಿಯ ನೆರಳಿನಲ್ಲಿ, ಸಿಮೆಂಟು ಬಿರಿದ ಸಂದಿಯಿಂದ, ಕಿರುಬೆರಳಿನಷ್ಟುದ್ದದ ಏಳು ಒಂಟಿ ಎಲೆಗಳು ಎದ್ದಿದ್ದವು. ಎರಡರ ತುದಿಯಲ್ಲಿ ಬೀಜದ ಕಂದು ಸಿಪ್ಪೆ ಇನ್ನೂ ಟೋಪಿಯ ಹಾಗೆ ಅಂಟಿಕೊಂಡಿತ್ತು. ಕಳೆ ಇರಬಹುದು ಎಂದುಕೊಂಡಳು. ಕಳೆಯಲ್ಲವೆಂದು ಗೊತ್ತಿದ್ದೂ ಮತ್ತೊಮ್ಮೆ ಹಾಗೆಯೇ ಅಂದುಕೊಂಡಳು. ಇದೇ ಎಲೆಯ ಚಿತ್ರ ಅವಳು ವಾರಕ್ಕೆರಡು ದಿನ ಸಂಬಳವಿಲ್ಲದೆ ದುಡಿಯುವ ಗಿಡಗಳ ನರ್ಸರಿಯ ಶೆಡ್ಡಿನ ಗೋಡೆಯ ಮೇಲೆ ಎರಡು ವರ್ಷದಿಂದ ಇತ್ತು, ಒಳಗೆ ಹೋದಾಗಲೆಲ್ಲ ಅವಳು ಅದರ ಕಡೆ ನೋಡದ ಹಾಗೆ ತಿರುಗಿ ನಿಲ್ಲುತ್ತಿದ್ದಳು. ಟ್ರಿಲಿಯಮ್. ದೊಡ್ಡದಾದ ಮೇಲೆ ಬಿಲ್ವಪತ್ರೆಯ ಹಾಗೆ ಮೂರೆಲೆ, ಮೂರು ದಳದ ಒಂದೇ ಒಂದು ಬಿಳಿ ಹೂ. ಮೊದಲ ವರ್ಷ ಮಾತ್ರ ಒಂದೇ ಎಲೆ. ಬೋಗುಣಿ ಕೆಳಗಿಟ್ಟು ಒಂದು ಎಲೆಯ ಬುಡವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದಳು. ಎಳೆದರೆ ಕೊತ್ತಂಬರಿಯ ಎಸಳಿನಷ್ಟು ಸುಲಭವಾಗಿ ಬರುತ್ತಿತ್ತು. ಏಳು ಸಲ ಎಳೆದರೆ ಮುಗಿಯಿತು, ಕಾಂಪೋಸ್ಟ್ ಡಬ್ಬಿಯೂ ಪಕ್ಕದಲ್ಲೇ ಇದೆ. ಕೈ ಅಷ್ಟು ಶಾಂತವಾಗಿ ಅಲ್ಲಿಗೆ ಹೋದದ್ದನ್ನು ಕಂಡು ಅವಳಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು.

“ಅಮ್ಮಾ, ವಾಟ್ ಆರ್ ಯೂ ಡೂಯಿಂಗ್?” ಮಗಳು ಶರಣ್ಯಾ ಸ್ಕೂಲಿನ ಬ್ಯಾಕ್‌ಪ್ಯಾಕನ್ನು ಒಂದೇ ಹೆಗಲಿಗೆ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಏನಿಲ್ಲ ಪುಟ್ಟಾ. ಬಸವನಹುಳ.”

“ಗ್ರೋಸ್,” ಎಂದು ಮೂಗು ಸೊಟ್ಟ ಮಾಡಿ ಮಗಳು ಒಳಗೆ ಹೋದಳು. ಹಂಸಾ ನಿಂಬೆ ಗಿಡದ ಪಕ್ಕ ಖಾಲಿ ಬಿದ್ದಿದ್ದ ಮಣ್ಣಿನ ಕುಂಡವನ್ನು ತಂದು ಏಳೂ ಎಲೆಗಳ ಮೇಲೆ ಕವುಚಿ ಹಾಕಿದಳು. ಸಾಯಂಕಾಲ ಬಂದು ಕಿತ್ತರಾಯಿತು, ಈಗ ಇನಾಯತುಲ್ಲಾ ಅವರನ್ನು ಕರೆದುಕೊಂಡು ನರ್ಸರಿಗೆ ಹೊರಡಬೇಕು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ನಗುವವರು ತಾವು ಕುಂಡ ಕವುಚಿದ್ದನ್ನು ನೆನೆಯುವುದಿಲ್ಲ.

ಬೀಜ ಒಣಗಿಸಬೇಡ ಎಂದು ಡೋರಿಸ್ ಹೇಳಿದ್ದಳು. ಹೇಳಿರಲಿಲ್ಲ ಎಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳಲೂ ದಾರಿಯಿರಲಿಲ್ಲ, ಮೂರು ಸಲ ಹೇಳಿದ್ದಳು. ಡೋರಿಸ್ ನಕಾನೋ ಲಾಸ್ ಗ್ಯಾಟೋಸ್‌ನಾಚೆ ಗುಡ್ಡದ ಮಗ್ಗುಲಲ್ಲಿ ಕಾಡುಹೂಗಳ ಪುಟ್ಟ ನರ್ಸರಿ ಇಟ್ಟುಕೊಂಡಿದ್ದ ಮುದುಕಿ. ಎಂಬತ್ತರ ಹತ್ತಿರ ವಯಸ್ಸು, ಮಾತು ಕಡಿಮೆ, ಬೆರಳ ಸಂದಿಯ ಮಣ್ಣು ಹೋಗುವುದೇ ಇಲ್ಲ. ಎರಡು ಬೇಸಿಗೆಯ ಹಿಂದೆ ಒಂದು ಭಾನುವಾರ, ಹಳ್ಳದ ಮೇಲಿನ ಇಳಿಜಾರಿನಲ್ಲಿ ಟ್ರಿಲಿಯಮ್ ಕಾಯಿಗಳು ಬಿರಿಯುವುದನ್ನು ಕಾದಿದ್ದು ಬೀಜ ಬಿಡಿಸಿ, ಡಬ್ಬಿಯನ್ನು ಹಂಸಾಳ ಕೈಗೆ ಕೊಟ್ಟು, ಒದ್ದೆ ಪಾಚಿಯಲ್ಲಿಟ್ಟು ಫ್ರಿಜ್ಜಿನಲ್ಲಿಡು, ಒಣಗಲು ಬಿಡಬೇಡ, ಶುಕ್ರವಾರ ಬಿತ್ತೋಣ ಎಂದಿದ್ದಳು. ಹಂಸಾ ತಲೆಯಾಡಿಸಿದ್ದಳು. ಹದಿನೆಂಟು ವರ್ಷದಿಂದ ಈ ದೇಶದಲ್ಲಿ ಅವಳು ತಲೆಯಾಡಿಸುತ್ತಲೇ ಬಂದಿದ್ದಳು, ಡೇಕೇರಿನ ಟೀಚರಿಗೆ, ಡೆಂಟಿಸ್ಟಿಗೆ, ಗಂಡನ ಆಫೀಸಿನ ಪಾರ್ಟಿಗಳಲ್ಲಿ ‘ಮತ್ತೆ ನೀವೇನು ಮಾಡ್ತೀರಿ’ ಎಂದು ಕೇಳಿ ಉತ್ತರಕ್ಕೆ ಕಾಯದೆ ಆಚೆ ತಿರುಗುವವರಿಗೆ. ಆದರೆ ಬೀಜದ ವಿಷಯ ಬೇರೆ. ಮದುವೆಗೆ ಮುಂಚೆ ಆರು ವರ್ಷ ಅವಳು ಧಾರವಾಡದಲ್ಲಿ ಬೀಜ ಪರೀಕ್ಷೆಯ ಲ್ಯಾಬಿನಲ್ಲಿದ್ದವಳು. ತೇವ ಹೆಚ್ಚಿದ್ದ ಜೋಳದ ಚೀಲವನ್ನು ಅವಳ ಒಂದು ಸಹಿ ವಾಪಸು ಕಳಿಸುತ್ತಿತ್ತು, ಅಂಗಡಿಯವರು ಬಂದು ಮೇಡಂ ಮೇಡಂ ಎಂದು ಕೈ ಹೊಸೆಯುತ್ತಿದ್ದರು. ಅದಕ್ಕೂ ಮುಂಚೆ ಅವಳ ಅಜ್ಜಿ ಅಂಬವ್ವ, ಅವರೆ, ಹೀರೆ, ಸವತೆ ಯಾವ ಬೀಜವೇ ಆಗಲಿ ಬೂದಿ ಹಚ್ಚಿ ಮೊರದಲ್ಲಿ ಬಿಸಿಲಿಗಿಡುತ್ತ, “ಹಸಿ ಬೀಜ ಇಟ್ರ ಮನ್ಯಾಗ ಹೆಣ ಇಟ್ಟಂಗ, ತಂಗಿ” ಎನ್ನುತ್ತಿದ್ದಳು. ಮನೆಗೆ ಬಂದು ಡಬ್ಬಿ ತೆರೆದರೆ ಬೀಜಗಳು ಅಂಟಂಟಾಗಿದ್ದವು. ಒಂದೊಂದಕ್ಕೂ ಬಿಳಿಯ ಮೆತ್ತನೆಯ ಚೂರೊಂದು ಹತ್ತಿಕೊಂಡಿತ್ತು, ಆಗಲೇ ಬೂಷ್ಟಿನ ವಾಸನೆ. ಇದನ್ನು ಒದ್ದೆಯಲ್ಲಿಡುವುದೇ? ಈ ಮುದುಕಿಗೆ ಬೀಜದ ಸುದ್ದಿ ಏನು ಗೊತ್ತು ಎಂದುಕೊಂಡಿದ್ದಳು. ಆ ಕ್ಷಣದ ಖುಷಿ ಅವಳಿಗೆ ಇವತ್ತೂ ನೆನಪಿದೆ. ಹದಿನೆಂಟು ವರ್ಷಗಳಲ್ಲಿ ಮೊದಲ ಸಲ ತನಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಲ್ಯಾಬಿನ ಅಭ್ಯಾಸದಂತೆ ಮೊದಲು ಎಣಿಸಿದಳು, ಇನ್ನೂರ ನಲವತ್ತು. ಊರಿನಿಂದ ತಂದಿದ್ದ ಮೊರದಲ್ಲಿ ಹರಡಿ, ಹಿತ್ತಿಲಲ್ಲಿಟ್ಟು, ಬಾರ್ಬೆಕ್ಯೂ ಒಲೆಯ ಬೂದಿ ಜರಡಿ ಹಿಡಿದು ಬರುವಷ್ಟರಲ್ಲಿ ಇರುವೆ ಸಾಲು ಬಂದಿತ್ತು. ಬೀಜದ ಆ ಬಿಳಿ ಚೂರನ್ನು ಕಚ್ಚಿ, ತಮಗಿಂತ ದೊಡ್ಡ ಹೊರೆಯನ್ನು ನಾಲ್ಕಾರು ಸೇರಿ ಎಳೆದುಕೊಂಡು, ಗೋಡೆಯ ಕಡೆ ಹೊರಟಿದ್ದವು. ಹಾಳಾದ ಇರುವೆ ಎಂದು ಶಾಪ ಹಾಕಿ, ಸುತ್ತ ಇರುವೆಯ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಳು. ಅಂಬವ್ವನಾಗಿದ್ದರೆ ಬೈಯುತ್ತಿರಲಿಲ್ಲ. ಬೀಜವನ್ನು ಗಡಿಗೆಗೆ ತುಂಬುವ ಮುಂಚೆ ಒಂದು ಹಿಡಿ ತೆಗೆದು ಹಿತ್ತಿಲ ಮೂಲೆಗೆ ಚೆಲ್ಲಿ, “ಇರುವಿ ಪಾಲು ಇರುವಿಗಿ” ಎನ್ನುವುದು ಅವಳ ಪದ್ಧತಿ. ಕೊಡದಿದ್ದರೆ ತಾವೇ ತಗೊಂತಾವ, ಆಮ್ಯಾಲ ನಿನಗ ಲೆಕ್ಕ ಸಿಗೂದಿಲ್ಲ ಎಂದು ನಗುತ್ತಿದ್ದಳು. ಮತ್ತೆ ಎಣಿಸಿದಾಗ ಮೂವತ್ತು ಹೋಗಿದ್ದವು. ಉಳಿದ ಬೀಜದ ಬಿಳಿ ಚೂರನ್ನೆಲ್ಲ ಉಜ್ಜಿ ತೊಳೆದು, ಬೂದಿ ಹಚ್ಚಿ, ನಾಲ್ಕು ದಿನ ಜುಲೈ ಬಿಸಿಲಿಗಿಟ್ಟಳು. ಅಲ್ಲಾಡಿಸಿದರೆ ಗಲಗಲ ಎನ್ನುವಂತಾದವು. ಗುರುವಾರ ಸಂಜೆ ಏನೂ ಆಗಿಲ್ಲವೆಂಬಂತೆ ಒದ್ದೆ ಪಾಚಿಗೆ ಸೇರಿಸಿದಳು, ಶುಕ್ರವಾರ ಡೋರಿಸ್ ಜೊತೆ ಬಿತ್ತಿದಳು. ಮೊಳಕೆ ಚೆನ್ನಾಗಿ ಬಂದ ದಿನ ತನ್ನ ಉಪಾಯವನ್ನು ಹೇಳಿ ಎಲ್ಲರನ್ನೂ ಬೆರಗುಗೊಳಿಸಬೇಕೆಂದಿದ್ದಳು. ಒಂದು ವಾರವಾದ ಮೇಲೆ, ಶರಣ್ಯಾಳ ಪಿಯಾನೋ ಕ್ಲಾಸಿನ ಹೊರಗೆ ಕಾರಿನಲ್ಲಿ ಕೂತು ಫೋನು ನೋಡುತ್ತಿದ್ದಾಗ ಓದಿದಳು. ಈ ಬೀಜ ಒಮ್ಮೆ ಒಣಗಿದರೆ ಸತ್ತಂತೆಯೇ. ಆ ಬಿಳಿ ಚೂರು ಇರುವೆಗೆಂದೇ ಗಿಡ ಕಟ್ಟಿಕೊಟ್ಟ ಬುತ್ತಿ, ಕಾಡಿನಲ್ಲಿ ಈ ಹೂವನ್ನು ಬಿತ್ತುವವರೇ ಇರುವೆಗಳು. ಓದುತ್ತ ಓದುತ್ತ ಅವಳ ಕಿವಿ ಬಿಸಿಯಾಯಿತು. ನಾಳೆ ಹೇಳುತ್ತೇನೆ ಎಂದುಕೊಂಡಳು. ಆಗ ಹೇಳಿದ್ದರೆ ಬರಿಯ ತಪ್ಪಾಗುತ್ತಿತ್ತು. ಇಳಿಜಾರಿನಲ್ಲಿ ಇನ್ನೂ ಗಿಡಗಳಿದ್ದವು, ಮುಂದಿನ ವರ್ಷ ಮತ್ತೆ ಬೀಜ ತರಬಹುದಾಗಿತ್ತು. ಇಲ್ಲಿ ಚಳಿಗಾಲವೇ ಮಳೆಗಾಲ, ಜನವರಿಯ ಮಳೆಗೆ ಆ ಇಳಿಜಾರೇ ಕುಸಿದು ಹಳ್ಳಕ್ಕೆ ಬಿತ್ತು. ಆಮೇಲೆ ಆ ಗಿಡಗಳದೆಂದು ಭೂಮಿಯ ಮೇಲೆ ಉಳಿದದ್ದು ನರ್ಸರಿಯ ಒಂದು ಟ್ರೇ. ಅದರಲ್ಲಿರುವುದು ಸತ್ತ ಬೀಜ ಎಂದು ಗೊತ್ತಿದ್ದವಳು ಅವಳೊಬ್ಬಳೇ.

ಇನಾಯತುಲ್ಲಾ ಅವರು ಮನೆಯ ಮುಂದಿನ ಫುಟ್‌ಪಾತಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು, ಕೈಯಲ್ಲೊಂದು ಫೈಲು ಹಿಡಿದು ನಿಂತಿದ್ದರು. ಎಪ್ಪತ್ನಾಲ್ಕು ವರ್ಷ. ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿದ್ದು, ಅರಸೀಕೆರೆಯ ಕಡೆ ಸ್ಟೇಷನ್ ಮಾಸ್ಟರಾಗಿ ನಿವೃತ್ತರಾಗಿ, ಮೈಸೂರಿನ ಮನೆ ಬಾಡಿಗೆಗೆ ಕೊಟ್ಟು, ಹೆಂಡತಿ ನೂರುನ್ನಿಸಾ ಜೊತೆ ಮಗ ಅದ್ನಾನ್ ಮನೆಗೆ ಬಂದವರು. ಗ್ರೋಸರಿ ಅಂಗಡಿಯಲ್ಲಿ ಹಂಸಾ ಫೋನಿನಲ್ಲಿ ಆಡುತ್ತಿದ್ದ ಕನ್ನಡ ಕೇಳಿ ತಾವೇ ಮಾತಾಡಿಸಿ, ಸುಮ್ಮನೆ ಮನೆಯಲ್ಲಿ ಯಾಕಿರ್ತೀರಮ್ಮ, ಬೀಜದ ಕೆಲಸ ಗೊತ್ತಿರೋರು ಬೇಕಂತೆ ಎಂದು ನರ್ಸರಿಗೆ ಕರೆದುಕೊಂಡು ಹೋದವರೂ ಅವರೇ. ಆಗ ಅವರೇ ಕಾರು ಓಡಿಸುತ್ತಿದ್ದರು.

“ಎಂಟು ಐವತ್ತು. ರೈಟ್ ಟೈಮ್, ಹಂಸಮ್ಮ,” ಎಂದು ಕೂತು ಬೆಲ್ಟು ಹಾಕಿಕೊಂಡರು. ಹಾಕಿದ್ದನ್ನು ಎಳೆದು ನೋಡಿದರು. ಮತ್ತೊಮ್ಮೆ ಎಳೆದು ನೋಡಿದರು. “ನೂರುನ್ನಿಸಾ ಮೊಮ್ಮಗಳು ರಮ್ಶಾನ ಕರ್ಕೊಂಡು ಫಾಸ್ಟರ್ ಸಿಟಿಗೆ ಹೋಗಿದಾಳೆ. ಬರೋದು ಎರಡು ಗಂಟೆ. ಅಲ್ಲೀವರೆಗೂ ನನ್ನನ್ನ ನಿಮ್ಮ ಹತ್ರಾನೇ ಇಟ್ಕೋಬೇಕಂತೆ, ಅದ್ನಾನ್ ನಿಮಗೆ ಮೆಸೇಜ್ ಮಾಡಿದಾನಂತಲ್ಲ? ಮನೆ ಕೀ ನನ್ನ ಹತ್ರ ಕೊಡೋದಿಲ್ಲ ಈಗ. ನೀವೇ ನನ್ನ ಡೇಕೇರು.” ನಕ್ಕರು. ಹಂಸಾಳೂ ನಕ್ಕಳು.

ಇದೆಲ್ಲ ಶುರುವಾದದ್ದು ಕಳೆದ ವಸಂತದಲ್ಲಿ. ಮೊದಲ ಚಳಿ ಮುಗಿದಾಗ ಬೀಜಕ್ಕೆ ಬೇರು ಬಂದಿರಬೇಕು, ಎಲೆ ಬರುವುದು ಎರಡನೆಯ ಚಳಿಗಾಲ ಕಳೆದ ಮೇಲೆ. ಡೋರಿಸ್ ಒಂದು ಚಮಚದಲ್ಲಿ ಟ್ರೇಯ ಮೂಲೆ ಕೆದಕಿ, ಟೊಳ್ಳಾದ ನಾಲ್ಕು ಬೀಜಗಳನ್ನು ಅಂಗೈಯಲ್ಲಿಟ್ಟು ನೋಡಿ, ಇವು ಯಾವಾಗಲೋ ಒಣಗಿವೆ ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಂಸಾ ತನಗರಿವಿಲ್ಲದೆ ಬೆರಳುಗಳನ್ನು ಮೂಗಿನ ಹತ್ತಿರ ತಂದು ಬೂದಿಯ ವಾಸನೆಯಿದೆಯೇ ನೋಡಿದಳು. ಯಾರೂ ಅವಳ ಕಡೆ ನೋಡಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಇನಾಯತುಲ್ಲಾ ಅವರು, ಶಾಲೆಯ ಮಗುವಿನ ಹಾಗೆ ಕೈಯೆತ್ತಿ, ಸೆಪ್ಟೆಂಬರಿನ ಸೆಖೆಯ ವಾರ ನೀರಿನ ಡ್ಯೂಟಿ ನನ್ನದಿತ್ತು ಎಂದಿದ್ದರು. ಅವರ ಜೇಬಿನಲ್ಲಿ ಚಿಕ್ಕ ಡೈರಿಯಿತ್ತು, ಯಾವ ಟ್ರೇಗೆ ಎಷ್ಟು ಹೊತ್ತಿಗೆ ನೀರು ಎಂದು ರೈಲಿನ ರಿಜಿಸ್ಟರಿನ ಹಾಗೆ ಬರೆದಿಡುತ್ತಿದ್ದರು. ಅದನ್ನು ತೆಗೆದು ಹಂಸಾಳಿಗೆ ತೋರಿಸಿದ್ದರು. ಸೆಪ್ಟೆಂಬರ್ ಆರರಿಂದ ಹನ್ನೆರಡು, ಟ್ರಿಲಿಯಮ್ ಟ್ರೇ, ಬೆಳಿಗ್ಗೆ ಒಂಬತ್ತು ಹತ್ತು, ಸಂಜೆ ಐದು. ಒಂದು ದಿನವೂ ತಪ್ಪಿರಲಿಲ್ಲ. “ಬರೆದಿದೀನಿ. ಆದ್ರೆ ಟ್ರೇ ಒಣಗಿದೆಯಲ್ಲಮ್ಮ. ಅಂದ್ರೆ ಮಾಡದೇನೇ ಬರೆದಿದೀನಿ. ಹಳಿ ನೋಡದೇನೇ ರೈಲಿಗೆ ಲೈನ್ ಕ್ಲಿಯರ್ ಕೊಟ್ಟ ಹಾಗೆ.” ಅವರ ಮುಖ ಬಿಳಿಚಿಕೊಂಡಿತ್ತು. ಅವತ್ತು ಅವಳು, ಇರಲಿ ಬಿಡಿ ಅಂಕಲ್ ಎಂದಳು. ಇರಲಿ ಬಿಡಿ. ಆ ಎರಡು ಮಾತಿನಿಂದ ಒಬ್ಬ ಮನುಷ್ಯನ ತಲೆಯನ್ನೇ ಅವನಿಂದ ಕಸಿಯಬಹುದು ಎಂದು ಅವಳಿಗೆ ಆಗ ಗೊತ್ತಿರಲಿಲ್ಲ. ಅವರು ಮನೆಗೆ ಹೋಗಿ ಮಗನಿಗೆ ಹೇಳಿದರು. ಆಮೇಲೆ ಕನ್ನಡಕ ಹುಡುಕಿದರೆ ಅದೊಂದು ಲಕ್ಷಣ, ಮೊಮ್ಮಗಳ ಹೆಸರಿಗೆ ಮಗಳ ಹೆಸರು ಬಂದರೆ ಇನ್ನೊಂದು ಲಕ್ಷಣ. ಅದ್ನಾನ್ ಕೆಟ್ಟವನಲ್ಲ, ಹೆದರಿದವನು. ಕಾರಿನ ಕೀ ಹೋಯಿತು, ಸ್ಟವ್ವಿನ ತಿರುಪಿಗೆ ಮಕ್ಕಳಿರುವ ಮನೆಯಲ್ಲಿ ಹಾಕುವ ಮುಚ್ಚಳ ಬಂತು.

“ಡಾಕ್ಟರು ಐದು ಪದ ಹೇಳಿದ್ರು,” ಎನ್ನುತ್ತಿದ್ದರು ಈಗ, ಫ್ರೀವೇ ಕಡೆ ನೋಡುತ್ತ. “ಸ್ವಲ್ಪ ಹೊತ್ತಾದ್ಮೇಲೆ ವಾಪಸ್ ಹೇಳಿ ಅಂದ್ರು. ನಾಲ್ಕು ಹೇಳಿದೆ. ಐದನೇದು ಬರ್ಲಿಲ್ಲ. ಭಯಕ್ಕೇ ಬರ್ಲಿಲ್ಲ ಅಂತೀನಿ ನಾನು. ನಮಾಜಿಗೆ ಮುಂಚೆ ವಜೂ ಮಾಡ್ತೀವಲ್ಲ, ಕೈ, ಮುಖ ಎಲ್ಲ ಮೂರು ಮೂರು ಸಲ ತೊಳೀಬೇಕು. ಎರಡಾಯ್ತೋ ಮೂರಾಯ್ತೋ ಗೊತ್ತಾಗೋದಿಲ್ಲಮ್ಮ ಈಗ. ನೂರುನ್ನಿಸಾ ಬಾಗಿಲಾಚೆ ನಿಂತು ಎಣಿಸ್ತಾಳೆ. ಅಲ್ಲಾಹನ ಮುಂದೆ ನಿಲ್ಲೋಕೂ ಹೆಂಡ್ತಿ ಸಾಕ್ಷಿ ಬೇಕಾಯ್ತು.”

“ಅಂಕಲ್,” ಎಂದಳು ಹಂಸಾ. ಲಾರಿಯೊಂದು ಪಕ್ಕದಲ್ಲಿ ಹಾದು ಕಾರು ಅದುರಿತು.

“ಏನಮ್ಮ?”

“ಏನಿಲ್ಲ. ಹೀಟರ್ ಹಾಕ್ಲಾ?”

ಹೇಳಿಬಿಡುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ಅವಳು ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿ ನೋಡಿದ್ದಳು. ಒಂದು ಸಿಗ್ನಲ್ಲಿನಿಂದ ಇನ್ನೊಂದು ಸಿಗ್ನಲ್ಲಿನೊಳಗೆ ಮುಗಿಯುತ್ತಿತ್ತು. ಹೆದರಿಕೆಯಿದ್ದದ್ದು ಹೇಳುವುದಕ್ಕಲ್ಲ, ಅದಾದ ಮೇಲಿನ ಮೌನಕ್ಕೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ. ಬೀಜ ಕೊಂದದ್ದು ಅಜ್ಞಾನ ಎನ್ನಬಹುದು, ಹತ್ತು ತಿಂಗಳಿನಿಂದ ವಾರಕ್ಕೆರಡು ಸಲ ಈ ಮುದುಕರನ್ನು ಕಾರಿನಲ್ಲಿ ಕೂರಿಸಿಕೊಂಡು, ಅವರ ಭಯವನ್ನು ಕೇಳುತ್ತ, ಹೀಟರ್ ಹಾಕ್ಲಾ ಎಂದು ಕೇಳುವವಳಿಗೆ ಏನೆನ್ನುತ್ತಾರೆ? ಅವರಿಗೆ ಸೇವೆ ಮಾಡಿದರೆ ಸರಿಹೋದೀತೆಂದು ಅವಳು ಅಂದುಕೊಂಡಿದ್ದೂ ಉಂಟು. ಮಗಳು ಇದ್ದ ಹಾಗೆ ನಮ್ಮ ಹಂಸಾ ಎಂದು ನೂರುನ್ನಿಸಾ ಶೀರ್‌ಕುರ್ಮಾ ಪಾಯಸದ ಡಬ್ಬಿ ಕಳಿಸಿದ್ದರು. ಡಬ್ಬಿ ವಾಪಸು ಕೊಡುವಾಗ ಖಾಲಿ ಕೊಡಬಾರದೆಂದು ಅವಳು ಕಡುಬು ತುಂಬಿ ಕೊಟ್ಟಿದ್ದಳು.

ನರ್ಸರಿಯ ಮೇಜಿನ ಮೇಲೆ ಟ್ರೇ ಆಗಲೇ ಬಂದು ಕೂತಿತ್ತು. ಇವತ್ತು ಅದನ್ನು ಬಗ್ಗಿಸಿ, ತೊಳೆದು, ಬೇರೆ ಬೀಜಕ್ಕೆ ಕೊಡುವ ದಿನ. ಎರಡನೆಯ ವಸಂತ ಬಂದಿತ್ತು, ಬರುವುದಿದ್ದರೆ ಬರಬೇಕಿತ್ತು. ಡೋರಿಸ್ ಮಾತಿಲ್ಲದೆ ಮಣ್ಣನ್ನು ಹಳೆಯ ಪೇಪರಿನ ಮೇಲೆ ಸುರಿದು, ಬೆರಳುಗಳಿಂದ ಹರಡಿ, ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನೋಡುತ್ತ ಹೋದಳು. ಅಕ್ಕಿಯಲ್ಲಿ ಕಲ್ಲು ಆರಿಸುವವರು ಹಾಗೆ ನೋಡುತ್ತಾರೆ. ಹಂಸಾಳ ಕಣ್ಣು ಮಾತ್ರ ಮಣ್ಣಿನಲ್ಲಿ ಬೂದಿಯ ಚುಕ್ಕೆ ಉಳಿದಿದೆಯೇ ಎಂದು ಹುಡುಕುತ್ತಿತ್ತು. ಎರಡು ಮಳೆಗಾಲ ಕಳೆದಿದೆ, ಇರುವುದಿಲ್ಲ ಎಂದು ಗೊತ್ತಿತ್ತು, ಆದರೂ ಹುಡುಕಿತು. ಏನೂ ಸಿಗಲಿಲ್ಲ. “ವೆಲ್,” ಎಂದಳು ಡೋರಿಸ್. ಅಷ್ಟೇ. ಅವಳ ಅಪ್ಪ ಆ ಹಳ್ಳದ ಪಕ್ಕದಲ್ಲಿ ಹೂವಿನ ತೋಟ ಮಾಡಿದ್ದವನು, ಆ ಇಳಿಜಾರಿನ ಟ್ರಿಲಿಯಮ್‌ಗಳನ್ನು ಅವಳು ಆರು ವರ್ಷದ ಹುಡುಗಿಯಾಗಿದ್ದಾಗಿನಿಂದ ನೋಡಿದ್ದಳು. ಒಂದು ಹೂ ಬಿಡಲು ಏಳು ವರ್ಷ. ಈಗ ಬೀಜ ಸಿಕ್ಕಿದರೂ ಅದರ ಹೂ ನೋಡುವ ವಯಸ್ಸು ತನ್ನದಲ್ಲ ಎಂದು ಒಂದು ಸಲ ನಕ್ಕು ಹೇಳಿದ್ದಳು. ಆ ಮುದುಕಿಯ ಮಣ್ಣು ಹತ್ತಿದ ಉಗುರನ್ನು ನೋಡುತ್ತ ಹಂಸಾಳಿಗೆ, ಕವುಚಿದ ಕುಂಡದಡಿ ಏಳು ಎಲೆಗಳು ಕತ್ತಲಲ್ಲಿ ಉಸಿರಾಡುತ್ತಿರುವುದು ನೆನಪಾಯಿತು. ಹೇಳಿದರೆ ಅವು ಬದುಕುತ್ತವೆ. ಹೇಳಿದರೆ ತಾನು ಇಲ್ಲಿ ಉಳಿಯುವುದಿಲ್ಲ.

ಇನಾಯತುಲ್ಲಾ ಅವರು ಫೈಲು ಬಿಚ್ಚಿದರು, ನರ್ಸರಿಯಲ್ಲಿ ಇದು ಅವರ ಕೊನೆಯ ದಿನ. ಒಳಗೆ ಒಂದು ಹಾಳೆ, ಇಂಕಿನ ಪೆನ್ನಿನ ದುಂಡು ಅಕ್ಷರ, ಮೇಲೆ ‘ಹ್ಯಾಂಡಿಂಗ್ ಓವರ್ ಚಾರ್ಜ್’ ಎಂದು ಎರಡು ಗೆರೆ ಎಳೆದ ತಲೆಬರಹ. ರೈಲ್ವೆಯಲ್ಲಿ ಯಾರೂ ಸುಮ್ಮನೆ ಬಿಟ್ಟು ಹೋಗುವುದಿಲ್ಲ, ಚಾರ್ಜು ಒಪ್ಪಿಸಿ ಹೋಗುತ್ತಾರೆ. ಎದ್ದು ನಿಂತು ಇಂಗ್ಲಿಷಿನಲ್ಲಿ ಓದಿದರು: ನೀರಿನ ಪೈಪು ಎರಡು, ಪೈಪಿನ ಬಾಯಿ ಮೂರು, ಶೆಡ್ಡಿನ ಬೀಗದ ಕೈ ಒಂದು. ಕೊನೆಯಲ್ಲಿ, ಸೆಪ್ಟೆಂಬರ್ ಆರರಿಂದ ಹನ್ನೆರಡರವರೆಗೆ ನನ್ನ ಡ್ಯೂಟಿಯಲ್ಲಿ ಟ್ರಿಲಿಯಮ್ ಟ್ರೇಗೆ ನೀರು ತಪ್ಪಿದ್ದಕ್ಕೆ ನಾನೇ ಜವಾಬ್ದಾರನೆಂದು ಒಪ್ಪಿಕೊಳ್ಳುತ್ತೇನೆ. ಅವರ ದನಿ ಅಲ್ಲಿ ಮಾತ್ರ ಒಂದಿಷ್ಟು ಕುಂದಿತು.

“ಇನ್ನಿ, ಇದೆಲ್ಲ ಬೇಡ,” ಎಂದಳು ಡೋರಿಸ್. ಎಲ್ಲರೂ ಅಲ್ಲಿ ಅವರನ್ನು ಇನ್ನಿ ಎಂದೇ ಕರೆಯುತ್ತಿದ್ದರು. ಅವರು ಒಂದು ದಿನವೂ ತಿದ್ದಿರಲಿಲ್ಲ.

ಚಾರ್ಜು ತಗೊಂಡವರ ಸಹಿ ಬೇಕು ಎಂದರು ಅವರು. ಡೋರಿಸ್ ಹಾಳೆಯನ್ನು ಹಂಸಾಳ ಕಡೆ ಸರಿಸಿದಳು. ಹಾಗಿದ್ದರೆ ಹ್ಯಾಮ್ಸಾ ಮಾಡಲಿ, ಸೋಮವಾರದಿಂದ ಬೀಜದ ಕೆಲಸವೆಲ್ಲ ಅವಳದೇ, ವಾರಕ್ಕೆ ಮೂರು ದಿನ, ವಾಲಂಟಿಯರ್ ಅಲ್ಲ, ನೌಕರಿ. ನಾನು ಇವತ್ತು ಹೇಳಬೇಕೆಂದಿದ್ದೆ ಎಂದಳು. ಹದಿನೆಂಟು ವರ್ಷ ಕಾದ ಮಾತು ಇದು. ಮತ್ತೆ ನೀವೇನು ಮಾಡ್ತೀರಿ ಎಂದವರಿಗೆ ಹೇಳಬಹುದಾದ ಒಂದು ಉತ್ತರ. ಅದು ಬಂದದ್ದು ಈ ಹಾಳೆಯ ಬೆನ್ನ ಮೇಲೆ. ಇನಾಯತುಲ್ಲಾ ಅವರು ತಮ್ಮ ಪೆನ್ನಿನ ಮುಚ್ಚಳ ತೆಗೆದು ಅವಳಿಗೆ ಕೊಟ್ಟು, “ಮುಬಾರಕ್ ಹಂಸಮ್ಮ,” ಎಂದರು. ನಿಜವಾಗಿ ಸಂತೋಷಪಟ್ಟಿದ್ದರು. ಅವಳು ಸಹಿ ಮಾಡಿದಳು. ತೇವದ ಜೋಳವನ್ನು ವಾಪಸು ಕಳಿಸುತ್ತಿದ್ದ ಅದೇ ಸಹಿ, ಅದೇ ಬಾಲ, ಅದೇ ಚುಕ್ಕೆ. ಆಮೇಲೆ ಪೆನ್ನು ವಾಪಸು ಕೊಡುವಾಗ ಅವರ ಬೆರಳು ತಗುಲಿತು, ಅವಳು ಸುಟ್ಟವಳಂತೆ ಕೈ ಎಳೆದುಕೊಂಡಳು.

ಮನೆಗೆ ಬಂದಾಗ ಒಂದು ಗಂಟೆ. ಅನ್ನ ಸಾರು ಬಿಸಿ ಮಾಡುತ್ತೇನೆ ಕೂತಿರಿ ಎಂದಳು. ಅವರು ಗಡಿಯಾರ ನೋಡಿದರು.

“ನಮಾಜ್ ಹೊತ್ತಾಯ್ತು. ಒಂದು ಮೂಲೆ ಸಾಕು. ಹಿತ್ತಿಲಲ್ಲಿ ನಲ್ಲಿ ಇದೆಯಲ್ಲ, ಅಲ್ಲೇ ವಜೂ ಮಾಡ್ಕೊಂಡು ಬರ್ತೀನಿ.”

“ಬೇಡ ಅಂಕಲ್!” ದನಿ ಜೋರಾಯಿತು. “ಬಾತ್‌ರೂಮಿಗೆ ಹೋಗಿ. ಅಲ್ಲಿ ಬಿಸಿನೀರು ಬರುತ್ತೆ.”

“ಕಾಲು ಸಿಂಕಿಗೆ ಎತ್ತೋಕಾಗೋದಿಲ್ಲ ನನಗೆ. ನೆಲ ಎಲ್ಲಾ ನೀರು ಮಾಡ್ತೀನಿ, ನೀವು ಒರೆಸ್ತಾ ಕೂರ್ಬೇಕು. ಹಿತ್ತಿಲೇ ಸರಿ.” ಆಗಲೇ ತೋಳು ಮಡಚುತ್ತ ಬಾಗಿಲು ಜಾರಿಸಿದ್ದರು. ಹಂಸಾ ಒಲೆಯ ಮುಂದೆ ನಿಂತಳು. ಸಾರು ಕುದಿಯುತ್ತಿತ್ತು, ಉರಿ ಸಣ್ಣ ಮಾಡಬೇಕೆಂದು ಗೊತ್ತಿತ್ತು, ಕೈ ಏಳಲಿಲ್ಲ. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ಕೂರುವುದಕ್ಕೆ ಜಾಗ ಮಾಡಿಕೊಳ್ಳಲು ಅವರು ಬಗ್ಗಿ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟರು. ನಲ್ಲಿ ಬಿಟ್ಟರು. ನೀರಿನ ಸದ್ದು ಸ್ವಲ್ಪ ಹೊತ್ತು ಬಂತು, ನಿಂತಿತು.

“ಹಂಸಮ್ಮಾ. ಸ್ವಲ್ಪ ಇಲ್ಲಿ ಬನ್ನಿ.”

ಅವಳು ಹೋದಳು. ಅವರು ಮುಂಗೈಯಿಂದ ನೀರು ತೊಟ್ಟಿಕ್ಕಿಸುತ್ತ ಕೂತಲ್ಲೇ ಕೂತಿದ್ದರು. ಮುಖದಲ್ಲಿ ಬೆರಗಿರಲಿಲ್ಲ, ಹೆದರಿಕೆಯಿತ್ತು.

“ನನಗೊಂದು ಕಾಣ್ತಾ ಇದೆ. ನಿಮಗೂ ಕಾಣುತ್ತೋ ಇಲ್ವೋ ಹೇಳಿ. ಸಮಾಧಾನಕ್ಕೆ ಅಂತ ಹೇಳ್ಬೇಡಿ. ಬೆಳಿಗ್ಗೆಯಿಂದ ತಲೇಲಿ ಅದೇ ಇತ್ತಲ್ಲ, ಅದಕ್ಕೇ ಕಣ್ಣಿಗೆ ಬಂತೋ ಏನೋ. ಅಲ್ಲಿ ಟ್ರೇನಲ್ಲಿ ಬರಬೇಕಾಗಿದ್ದ ಎಲೆ, ಅದು... ಇಲ್ಲೇನಾದ್ರೂ ಇದೆಯಾ ಅಮ್ಮ? ಇದ್ರೆ ಇದೆ ಅನ್ನಿ. ಇಲ್ದಿದ್ರೆ ಇಲ್ಲ ಅನ್ನಿ. ಇಲ್ಲ ಅಂದ್ರೆ ನಾನು ಇವತ್ತೇ ಅದ್ನಾನ್‌ಗೆ ಹೇಳ್ಬಿಡ್ತೀನಿ, ಡಾಕ್ಟರು ಹೇಳಿದ ಆ ತಲೆ ಸ್ಕ್ಯಾನು ಮಾಡಿಸೋಣ ಅಂತ.”

ಇಲ್ಲ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಬಂದದ್ದು ಅವಳಿಗೆ ಗೊತ್ತಾಯಿತು. ಎರಡೇ ಅಕ್ಷರ. ಇರಲಿ ಬಿಡಿ ಎಂದದ್ದಕ್ಕಿಂತ ಚಿಕ್ಕದು. ಅಷ್ಟು ಅಂದರೆ ಈ ಮನುಷ್ಯ ನಂಬುತ್ತಾನೆ, ತನ್ನ ಕಣ್ಣನ್ನು ಬಿಟ್ಟು ಇವಳನ್ನು ನಂಬುತ್ತಾನೆ, ಎದ್ದು ಕೈ ಒರೆಸಿಕೊಂಡು ಒಳಗೆ ಬರುತ್ತಾನೆ, ಸೋಮವಾರ ಅವಳು ನೌಕರಿಗೆ ಹೋಗುತ್ತಾಳೆ. ಜೀವನದಲ್ಲಿ ಅವಳು ಯಾವುದಕ್ಕೂ ಇಷ್ಟು ಹೆದರಿರಲಿಲ್ಲ. ಸಿಕ್ಕಿಬೀಳುವ ಹೆದರಿಕೆಯಲ್ಲ ಇದು, ಸಿಕ್ಕಿಬೀಳದೆ ಉಳಿದುಬಿಡುವ ಹೆದರಿಕೆ. ಅವಳು ಒದ್ದೆ ಸಿಮೆಂಟಿನ ಮೇಲೆಯೇ ಕೂತಳು.

“ಅದಾವ ಅಂಕಲ್,” ಎಂದಳು. ಹದಿನೆಂಟು ವರ್ಷದಿಂದ ಅದುಮಿಟ್ಟಿದ್ದ ಧಾರವಾಡ ತಾನಾಗಿಯೇ ಹೊರಬಂತು. “ಏಳು ಅದಾವ. ಮುಂಜಾನೆನ ನೋಡೀನಿ. ಕುಂಡ ಮುಚ್ಚಿದಾಕಿ ನಾನ. ಬೀಜ ಒಣಗಿಸಿದಾಕಿನೂ ನಾನ. ಬೂದಿ ಹಚ್ಚಿ ನಾಕ್ ದಿನ ಬಿಸಲಿಗಿ ಇಟ್ಟಿದ್ದೆ, ಬಿತ್ತೂಕಿಂತ ಮದಲ. ಇರುವಿ ಒಯ್ದದ್ದಷ್ಟ ಉಳದಾವ. ಟ್ರೇದಾಗ ಇದ್ದದ್ದು ಸತ್ತಿದ್ದುವು. ನೀವು ನೀರ ಹಾಕಿದ್ರೂ ಅಷ್ಟ, ಹಾಕದಿದ್ರೂ ಅಷ್ಟ.”

ನಲ್ಲಿ ತೊಟ್ಟಿಕ್ಕಿತು. ಅವರು ಎಲೆಗಳನ್ನು ನೋಡುತ್ತಿದ್ದರು, ಅವಳನ್ನಲ್ಲ.

“ನಾನು ಸೆಪ್ಟೆಂಬರ್‌ನಲ್ಲಿ ನೀರು ಹಾಕಿದ್ದೆ,” ಎಂದರು. ಅದು ಪ್ರಶ್ನೆಯಾಗಿರಲಿಲ್ಲ.

“ಹಾಕಿದ್ರಿ.”

“ಹಾಕೇ ಬರೆದಿದ್ದೆ.”

“ಹೌದ್ರಿ.”

“ಹತ್ತು ತಿಂಗಳು,” ಎಂದರು ಅವರು ನಿಧಾನವಾಗಿ, ಬೇರೆ ಯಾರಿಗೋ ಹೇಳುವವರಂತೆ. “ಹತ್ತು ತಿಂಗಳು ನನ್ನ ಪಕ್ಕದಲ್ಲಿ ಕೂತ್ಕೊಂಡು...” ಹಂಸಾಳ ಕಣ್ಣಿನಿಂದ ನೀರು ಬರುತ್ತಿತ್ತು, ಅದನ್ನು ಅವರು ನೋಡಲಿಲ್ಲ, ನೋಡಿದ್ದರೂ ಅವರಿಗೆ ಅದರಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಅವರು ಒದ್ದೆ ಕೈಯಿಂದಲೇ ಜೇಬಿನ ಫೋನು ತೆಗೆದು ಅವಳ ಮುಂದೆ ಹಿಡಿದರು. ಹಂಸಮ್ಮ ಎನ್ನಲಿಲ್ಲ, ಅಮ್ಮ ಎನ್ನಲಿಲ್ಲ.

“ಅದ್ನಾನ್‌ಗೆ ಫೋನ್ ಮಾಡಿ. ನನಗೆ ಹೇಳಿದ್ದನ್ನೇ ಹೇಳಿ. ಒಂದು ಮಾತೂ ಬಿಡಬೇಡಿ. ಆಮೇಲೆ ನರ್ಸರಿಯ ಆ ಯಮ್ಮನಿಗೆ ಮಾಡಿ, ಬಂದು ಈ ಗಿಡ ತಗೊಂಡು ಹೋಗಲಿ.”

ಅವಳು ಹೆಸರು ಹುಡುಕಿ ಒತ್ತಿದಳು. ಅತ್ತ ರಿಂಗಾಗತೊಡಗಿತು. ಇನಾಯತುಲ್ಲಾ ಅವರು ಎಲೆಗಳಿಗೆ ನೀರು ಸಿಡಿಯದ ಹಾಗೆ ಆಚೆ ತಿರುಗಿ ಕೂತು, ನಲ್ಲಿ ಬಿಟ್ಟು, ಮೊದಲಿನಿಂದ ಶುರುಮಾಡಿದರು. ಕೈ ತೊಳೆದರು, ಬಾಯಿ ಮುಕ್ಕಳಿಸಿದರು. ಬೊಗಸೆಯಲ್ಲಿ ನೀರು ಹಿಡಿದು ಮುಖಕ್ಕೆ ಹಾಕಿಕೊಂಡು, ಗಟ್ಟಿಯಾಗಿ, “ಒಂದು” ಎಂದರು. ಒಳಗೆ ಸಾರು ಉಕ್ಕಿ ಒಲೆಯ ಮೇಲೆ ಚೊಯ್ ಎಂದಿತು. “ಎರಡು.” ಫೋನಿನೊಳಗೆ ಒಂದು ಗಾಬರಿಯ ದನಿ, “ಅಬ್ಬಾ? ಈಸ್ ಎವ್ರಿಥಿಂಗ್ ಓಕೆ? ಅಬ್ಬಾ?” ಎನ್ನುತ್ತಿತ್ತು.

“ಮೂರು,” ಎಂದು ಅವರು ನಲ್ಲಿ ನಿಲ್ಲಿಸಿದರು.

“ಅದ್ನಾನ್, ನಾನು ಹಂಸಾ,” ಎಂದಳು ಅವಳು. “ನಿಮ್ಮ ಅಬ್ಬಾ ಏನೂ ಮರೆತಿರಲಿಲ್ಲ.”